ಕೆರ್ರಿ ಜೇಮ್ಸ್ ಮಾರ್ಷಲ್ ಅವರ ಚಿತ್ರಗಳು: ನೆಲೆ ಮತ್ತು ಒಡೆತನ

ಪಾಶ್ಚಾತ್ಯ ಚಿತ್ರಕಲೆಯ ಚರಿತ್ರೆಯಲ್ಲಿ ಕಪ್ಪು ಜನರ ಚಿತ್ರಣವೇ ಇಲ್ಲವೆಂದು ಹೇಳಲಾಗದು. ಆದರೆ ಅಲ್ಲಿ ಅವರು ಬಹುಮಟ್ಟಿಗೆ ಬೇರೊಬ್ಬರ ಮನೆಯಲ್ಲಿ, ಬೇರೊಬ್ಬರ ಸೇವೆಗೆ ನಿಂತವರು. ಮಾನೆಯ ‘ಒಲಿಂಪಿಯಾ’ (1863) ಚಿತ್ರದಲ್ಲಿ ಹೂಗುಚ್ಛ ಹಿಡಿದ ಸೇವಕಿಯನ್ನು ಇಲ್ಲಿ ನೆನೆಯಬಹುದು. ಕಪ್ಪು ಜನರನ್ನು ಅವರದೇ ಅಂಗಳ, ನೆರೆಹೊರೆ, ಒಡನಾಟಗಳ ನಡುವೆ ಬೃಹತ್ ಪ್ರಮಾಣದಲ್ಲಿ ಚಿತ್ರಿಸಿದ ಸಮಕಾಲೀನರಲ್ಲಿ ಅಮೆರಿಕದ ಕೆರ್ರಿ ಜೇಮ್ಸ್ ಮಾರ್ಷಲ್ ಪ್ರಮುಖರು.

ಮಾರ್ಷಲ್ ಹುಟ್ಟಿದ್ದು 1955ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ. 1963ರಲ್ಲಿ ಲಾಸ್ ಏಂಜಲಿಸ್‌ಗೆ ವಲಸೆ ಬಂದ ಕುಟುಂಬ ನಿಕರ್ಸನ್ ಗಾರ್ಡನ್ಸ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ನೆಲೆಸಿತು. ಹೆಸರಿನಲ್ಲಿ ಉದ್ಯಾನವಿದ್ದ ಇಂಥ ಬಡಾವಣೆಗಳು ಬಡತನ ಮತ್ತು ಅಪರಾಧಗಳಿಗೆ ಕುಖ್ಯಾತವಾದವು. ಈ ವೈರುಧ್ಯವನ್ನೇ ಅವರು 1994-95ರ ಐದು ಚಿತ್ರಗಳಿಗೆ ವಸ್ತುವಾಗಿಸಿಕೊಂಡರು. ‘ಮೆನಿ ಮ್ಯಾನ್ಶನ್ಸ್’ (1994) ಚಿತ್ರದಲ್ಲಿ ಷಿಕಾಗೋದ ಸ್ಟೇಟ್‌ವೇ ಗಾರ್ಡನ್ಸ್‌ನ ಎತ್ತರದ ಕಟ್ಟಡಗಳ ಮುಂದೆ ಬಿಳಿ ಅಂಗಿ, ಟೈ ತೊಟ್ಟ ಮೂವರು ಹೂಗಿಡಗಳ ಆರೈಕೆಯಲ್ಲಿ ತೊಡಗಿದ್ದಾರೆ. ಅವರ ಮೈಬಣ್ಣ ಕಂದಲ್ಲ, ಅಪ್ಪಟ ಕಪ್ಪು. ದಂತ, ಇಂಗಾಲ, ಕಬ್ಬಿಣದ ಆಕ್ಸೈಡುಗಳ ಕಪ್ಪುಗಳನ್ನು ಬಗೆಬಗೆಯಾಗಿ ಬಳಸಿ ಆ ಒಂದೇ ವರ್ಣದಲ್ಲಿ ಮಾರ್ಷಲ್ ಆಳವನ್ನು ಸಾಧಿಸುತ್ತಾರೆ. ವ್ಯಂಗ್ಯವಿದೆ, ನಿಜ, ಆದರೆ ಇದು ಬರಿಯ ವ್ಯಂಗ್ಯಚಿತ್ರವಲ್ಲ. ಅಲ್ಲಿನ ಜನ ಆ ನೆಲವನ್ನು ತಮ್ಮದಾಗಿಸಿಕೊಂಡು ಬಾಳಿದರೆಂಬ ಸಂಗತಿಯೂ ಅದರಲ್ಲಿ ದಾಖಲಾಗಿದೆ.

ಚಿತ್ರದೊಳಗಿನ ಈ ಪ್ರಶ್ನೆ ಮುಂದೆ ಚಿತ್ರಕ್ಕೇ ಎದುರಾಯಿತು. 1995ರಲ್ಲಿ ಮಾರ್ಷಲ್ ಷಿಕಾಗೋ ಸಾರ್ವಜನಿಕ ಗ್ರಂಥಾಲಯದ ಲೆಗ್ಲರ್ ಶಾಖೆಗಾಗಿ ‘ನಾಲೆಜ್ ಅಂಡ್ ವಂಡರ್’ ರಚಿಸಿದರು. ಸುಮಾರು 23 ಅಡಿ ಅಗಲದ ಈ ಕೃತಿಯಲ್ಲಿ ಕಪ್ಪು ಮಕ್ಕಳೂ ಹಿರಿಯರೂ ದೈತ್ಯಾಕಾರದ ಪುಸ್ತಕಗಳನ್ನು ಬೆರಗಿನಿಂದ ನೋಡುತ್ತಿದ್ದಾರೆ. ಶಾಖೆಯಿರುವ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಹುಪಾಲು ಕಪ್ಪು ಜನರ ಬಡಾವಣೆ. ಓದಲು ಬರುವ ಮಕ್ಕಳಿಗೆ ಗೋಡೆಯ ಮೇಲೆ ಕಾಣುತ್ತಿದ್ದವರು ತಮ್ಮವರೇ. ಕಲಾವಿದರಿಗೆ ಸಂದ ಸಂಭಾವನೆ 10,000 ಡಾಲರ್.

2018ರ ಮೇ ತಿಂಗಳಲ್ಲಿ ಷಿಕಾಗೋದ ಮತ್ತೊಂದು ಸಾರ್ವಜನಿಕ ಪ್ರಾಧಿಕಾರದ ಒಡೆತನದಲ್ಲಿದ್ದ ಅವರ ‘ಪಾಸ್ಟ್ ಟೈಮ್ಸ್’ (1997) ಹರಾಜಿನಲ್ಲಿ 2.11 ಕೋಟಿ ಡಾಲರಿಗೆ ಮಾರಾಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೇಯರ್ ರಾಮ್ ಇಮ್ಯಾನ್ಯುಯೆಲ್ ಲೆಗ್ಲರ್ ಶಾಖೆಯ ಚಿತ್ರವನ್ನೂ ಹರಾಜಿಗಿಡುವುದಾಗಿ ಪ್ರಕಟಿಸಿದರು. ಬಂದ ಹಣದಿಂದ ಆ ಶಾಖೆಯನ್ನೇ ವಿಸ್ತರಿಸುವುದು ಉದ್ದೇಶವಾಗಿತ್ತು. ಹಿಂದುಳಿದ ಬಡಾವಣೆಗೆ ಒಳ್ಳೆಯ ಗ್ರಂಥಾಲಯ ಬೇಕೆಂಬ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಶ್ರೀಮಂತ ಬಡಾವಣೆಯ ಗ್ರಂಥಾಲಯಕ್ಕೆ ತೆರಿಗೆಯ ಹಣ, ಇಲ್ಲಿಯದಕ್ಕೆ ಇಲ್ಲಿಯದೇ ಚಿತ್ರದ ಮಾರಾಟ ಎಂದಾದರೆ ಅದನ್ನು ನ್ಯಾಯವೆನ್ನುವುದು ಕಷ್ಟ. ಸ್ವತಃ ಮಾರ್ಷಲ್ ಬಹಿರಂಗವಾಗಿ ವಿರೋಧಿಸಿದರು. ನವೆಂಬರಿನಲ್ಲಿ ನಗರಾಡಳಿತ ಹರಾಜನ್ನು ಕೈಬಿಟ್ಟಿತು.

2025ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮಾರ್ಷಲ್ ಅವರ ಕೃತಿಗಳ ಪ್ರದರ್ಶನ ಏರ್ಪಟ್ಟಾಗ ‘ನಾಲೆಜ್ ಅಂಡ್ ವಂಡರ್’ ಅಲ್ಲಿಗೆ ಹೋಯಿತು, ಲೆಗ್ಲರ್ ಗ್ರಂಥಾಲಯದ ಆಸ್ತಿಯಾಗಿಯೇ, ಎರವಲಿನ ಮೇಲೆ.