ಮೂಲವೂ ಪ್ರತಿಯೂ: ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ಚರಿತ್ರೆಯೂ ಸಣ್ಣ ಭಂಡಾರಗಳ ಅಂಕೀಯ ಸಂಗ್ರಹವೂ

೧

ಕರ್ಣಾಟಕದ ಪ್ರಾಚೀನ ಗ್ರಂಥಸಂಪತ್ತು ದೊಡ್ಡ ಸಂಸ್ಥೆಗಳಲ್ಲಿ ಮಾತ್ರವೇ ಸಂಗ್ರಹವಾಗಿರುವುದಲ್ಲ. ೧೮೯೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯಕೋಶಾಗಾರದಂತಹ ಭಂಡಾರಗಳನ್ನು ಸೇರಿದುದು ಒಂದು ಭಾಗ. ಮಠಗಳು, ಬಸದಿಗಳು, ಪಂಡಿತರ ಮನೆಗಳು, ಊರೂರಿನ ಸಣ್ಣ ಪುಸ್ತಕಾಲಯಗಳು ಇವುಗಳ ಪೆಟ್ಟಿಗೆಗಳಲ್ಲಿ ಉಳಿದಿರುವುದು ಮತ್ತೊಂದು ಭಾಗ. ಈ ಎರಡನೆಯ ಭಾಗದಲ್ಲಿ ಬೇರೆಲ್ಲಿಯೂ ದೊರೆಯದ ಗ್ರಂಥಗಳೂ, ಕಡತಗಳೂ, ದಾನಪತ್ರಗಳೂ ಇರುವುದುಂಟು. ಛಾಯಾಯಂತ್ರವೂ ಗಣಕಯಂತ್ರವೂ ಇಂದು ಸಣ್ಣ ಭಂಡಾರಗಳ ಕೈಗೂ ಎಟುಕುವಂತಾಗಿರುವುದರಿಂದ, ಡಿಜಿಟಲ್ ಪ್ರತಿಯೆಂದು ರೂಢಿಯಲ್ಲಿರುವ ಅಂಕೀಯ ಪ್ರತಿಗಳನ್ನು ಮಾಡಿಕೊಳ್ಳಬೇಕೆಂಬ ಉತ್ಸಾಹವು ಎಲ್ಲೆಡೆಯೂ ಕಾಣುತ್ತಿದೆ. ಉತ್ಸಾಹವು ಶ್ಲಾಘ್ಯವೇ. ಆದರೆ ಯಾವುದನ್ನು ಮೊದಲು ಪ್ರತಿಮಾಡತಕ್ಕದ್ದು, ಹೇಗೆ ಮಾಡತಕ್ಕದ್ದು, ಮಾಡಿದ ಮೇಲೆ ಮೂಲದ ಗತಿಯೇನು ಎಂಬ ಪ್ರಶ್ನೆಗಳಿಗೆ ಯಂತ್ರವು ಉತ್ತರ ಕೊಡಲಾರದು. ಪ್ರತಿಲೇಖನದ ಚರಿತ್ರೆಯು ಕೊಡಬಲ್ಲದು. ಅದಕ್ಕೆ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನವು ಸಿಕ್ಕುವುದು ವಿರಳ.

೨

ಪುಷ್ಪದಂತ-ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯನು ರಚಿಸಿದ ಧವಲಾಟೀಕೆಯೂ, ಗುಣಧರನ ಕಷಾಯಪ್ರಾಭೃತಕ್ಕೆ ಅವನೇ ಆರಂಭಿಸಿ ಶಿಷ್ಯನಾದ ಜಿನಸೇನನು ಪೂರ್ತಿಗೊಳಿಸಿದ ಜಯಧವಲೆಯೂ, ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧವೂ ದಿಗಂಬರ ಜೈನಾಗಮದ ಆಧಾರಸ್ತಂಭಗಳು. ಧವಲೆಯು ಶಕವರ್ಷ ೭೩೮ರಲ್ಲಿ, ಎಂದರೆ ಕ್ರಿ. ಶ. ೮೧೬ರಲ್ಲಿ, ಮುಗಿಯಿತೆಂದು ಹೀರಾಲಾಲ ಜೈನರು ನಿರ್ಣಯಿಸಿರುವರು. ಜಯಧವಲೆಯು ಮುಗಿದುದು ಶಕವರ್ಷ ೭೫೯ರಲ್ಲಿ. ಜಿನಸೇನನು ಅಮೋಘವರ್ಷ ನೃಪತುಂಗನಿಗೆ ಗುರುವಾಗಿದ್ದನೆಂಬುದು ಸರ್ವವಿದಿತ. ಇಂತಹ ಗ್ರಂಥಗಳು ಕಾಲಕ್ರಮದಲ್ಲಿ ಉಳಿದೆಡೆಗಳಲ್ಲೆಲ್ಲ ಲುಪ್ತವಾಗಿ, ಹಳಗನ್ನಡ ಲಿಪಿಯ ತಾಡವೋಲೆಗಳ ರೂಪದಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ ಉಳಿದುವು. ಯಾತ್ರಿಕರಿಗೆ ಅವು ದರ್ಶನದ ವಸ್ತುಗಳಾಗಿದ್ದುವೇ ಹೊರತು ಅಧ್ಯಯನದ ವಸ್ತುಗಳಾಗಿರಲಿಲ್ಲ.

ಆ ಓಲೆಗಳು ತಾವೇ ಪ್ರತಿಗಳೆಂಬುದನ್ನು ಮರೆಯಲಾಗದು. ಮಹಾಬಂಧದ ಅಂತ್ಯಪ್ರಶಸ್ತಿಯು, ಮಲ್ಲಿಕಬ್ಬೆಯೆಂಬ ಶ್ರಾವಕಿಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಮುನಿಗೆ ಅರ್ಪಿಸಿದಳೆಂದು ತಿಳಿಸುತ್ತದೆ. ಬರೆಯಿಸಿದವರಾರು, ಏತಕ್ಕಾಗಿ, ಯಾರಿಗೆ ಕೊಟ್ಟರು ಎಂಬುದನ್ನು ಗ್ರಂಥದೊಡನೆಯೇ ಬರೆದಿಡುವ ಈ ಸಂಪ್ರದಾಯವು ಬರಿಯ ಪುಣ್ಯಕೀರ್ತನವಲ್ಲ. ಅದು ಪ್ರತಿಯ ಜನ್ಮಪತ್ರಿಕೆ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನೂ ಇಲ್ಲಿ ಸ್ಮರಿಸಬಹುದು. ಪ್ರತಿಗಳು ಬಹುವಾಗಿರಬೇಕು, ಬೇರೆಬೇರೆ ಎಡೆಗಳಲ್ಲಿರಬೇಕು ಎಂಬ ವಿವೇಕವು ಈ ನಾಡಿಗೆ ಹೊಸದಲ್ಲ.

೩

ಸೊಲ್ಲಾಪುರದ ಹೀರಾಚಂದ ನೇಮಚಂದರೂ ಮುಂಬಯಿಯ ಮಾಣಿಕಚಂದರೂ ಆಸಕ್ತಿವಹಿಸಿದುದರ ಫಲವಾಗಿ ೧೮೯೬ರಲ್ಲಿ ಈ ಗ್ರಂಥಗಳ ಪ್ರತಿಲೇಖನವು ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಕಾರ್ಯವನ್ನು ತೊಡಗಿದರು. ಅವರ ತರುವಾಯ ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ಮೂರು ಗ್ರಂಥಗಳ ಪ್ರತಿಗಳೂ ಮುಗಿಯುವಾಗ ೧೯೨೨ ಬಂದಿತ್ತು. ಹೀಗೆ ಇಪ್ಪತ್ತಾರು ವರ್ಷಗಳು ಕಳೆದುವು. ಪ್ರತಿಗಳು ಮೂಡುಬಿದಿರೆಯನ್ನು ಬಿಟ್ಟು ಹೊರಗೆ ಹೋಗಬಾರದೆಂಬುದು ಅಲ್ಲಿಯವರ ಕಟ್ಟಳೆಯಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನು ಗುಪ್ತವಾಗಿ ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರಕ್ಕೆ ಹೋಗಿ, ಅಲ್ಲಿ ನಾಗರಿಗೆ ಇಳಿದು, ಆ ನಾಗರಿಯಿಂದ ಇನ್ನೂ ಕೆಲವು ಪ್ರತಿಗಳು ಹುಟ್ಟಿ ಆರಾ, ಕಾರಂಜಾ ಮೊದಲಾದ ಊರುಗಳನ್ನು ಸೇರಿದುವು.

೧೯೩೯ರಲ್ಲಿ ಹೀರಾಲಾಲ ಜೈನರು ಅಮರಾವತಿಯಿಂದ ಧವಲೆಯ ಮೊದಲನೆಯ ಸಂಪುಟವನ್ನು ಪ್ರಕಟಿಸಿದಾಗ ಆಧಾರವಾಗಿದ್ದುದು ಈ ಪರಂಪರೆಯ ಪ್ರತಿಗಳೇ. ಓಲೆಯಿಂದ ಕಾಗದದ ಕನ್ನಡಕ್ಕೆ, ಕನ್ನಡದಿಂದ ನಾಗರಿಗೆ, ನಾಗರಿಯಿಂದ ಮತ್ತೆ ನಾಗರಿಗೆ, ಅಲ್ಲಿಂದ ಅಚ್ಚಿಗೆ ಎಂಬ ಈ ಸೋಪಾನಗಳಲ್ಲಿ ಗ್ರಂಥವು ಲೋಕಕ್ಕೆ ಲಭ್ಯವಾಯಿತೆಂಬುದು ಮಹೋಪಕಾರ. ಆದರೆ ಪ್ರತಿಯೊಂದು ಸೋಪಾನದಲ್ಲಿಯೂ ಏನಾದರೂ ಜಾರಿರಬಹುದೆಂಬ ಶಂಕೆಯೂ ಅದರೊಡನೆಯೇ ಬಂದಿತು.

ಆ ಶಂಕೆಯು ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಸಾಕಾರವಾಯಿತು. ಮಾನುಷಿಯ, ಎಂದರೆ ಮನುಷ್ಯಸ್ತ್ರೀಯ, ಗುಣಸ್ಥಾನಗಳನ್ನು ಹೇಳುವ ಈ ಸೂತ್ರದಲ್ಲಿ ಲಭ್ಯಪ್ರತಿಗಳ ಪ್ರಕಾರ ‘ಸಂಜದಾಸಂಜದ’ ಎಂಬಲ್ಲಿಗೆ ಎಣಿಕೆಯು ನಿಲ್ಲುತ್ತಿತ್ತು. ಟೀಕೆಯ ನಡೆಯನ್ನು ಪರಿಶೀಲಿಸಿದ ಸಂಪಾದಕರು, ಅದರ ಮುಂದೆ ‘ಸಂಜದ’ ಎಂಬ ಪದವು ಇದ್ದಿರಬೇಕೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಪದವೊಂದೇ, ಆದರೆ ಅದಿದ್ದರೆ ಸಂಯತಾವಸ್ಥೆಯ ಗುಣಸ್ಥಾನಗಳು ಮಾನುಷಿಗೂ ಹೇಳಲ್ಪಟ್ಟಂತಾಗುವುದು, ಇಲ್ಲದಿದ್ದರೆ ಇಲ್ಲ. ದ್ರವ್ಯಸ್ತ್ರೀ-ಭಾವಸ್ತ್ರೀ ಎಂಬ ಸೂಕ್ಷ್ಮವಿಚಾರಕ್ಕೂ ಸ್ತ್ರೀಮುಕ್ತಿಯ ಪುರಾತನ ವಿವಾದಕ್ಕೂ ಸಂಬಂಧಿಸಿದ ವಿಷಯವಾದುದರಿಂದ ಪಂಡಿತರಲ್ಲಿ ತೀವ್ರವಾದ ವಾಗ್ವಾದವು ಎದ್ದಿತು. ತರ್ಕದಿಂದ ಇತ್ಯರ್ಥವಾಗದ ಆ ವಿವಾದದಲ್ಲಿ ಪಾಠದ ಪ್ರಶ್ನೆಯನ್ನು ಬಗೆಹರಿಸಿದುದು ಮೂಡುಬಿದಿರೆಯ ಓಲೆ. ಅಲ್ಲಿಯವರ ಅನುಮತಿಯಿಂದ ತಾಳೆನೋಡಿದಾಗ ಓಲೆಯಲ್ಲಿ ‘ಸಂಜದ’ ಪದವು ಇದ್ದೇ ಇತ್ತು. ಅರ್ಥದ ಚರ್ಚೆಯು ಮುಂದೆಯೂ ನಡೆಯಿತು, ಅದು ಬೇರೆ ಮಾತು. ಸದೃಶಾಕ್ಷರಗಳು ಒಂದರ ಬೆನ್ನಿಗೊಂದು ಬಂದಾಗ ಬರೆಯುವವನ ಕಣ್ಣು ಜಾರುವುದು ಸಹಜ. ಇಲ್ಲಿಯೂ ಹಾಗೆಯೇ ಆಗಿರಬಹುದು. ಪ್ರತಿಯು ಸಿದ್ಧವಾಯಿತೆಂದು ಓಲೆಯನ್ನು ಅಲಕ್ಷಿಸಿದ್ದರೆ ಆ ಪದವು ಎಂದೆಂದಿಗೂ ಊಹೆಯಾಗಿಯೇ ಉಳಿಯುತ್ತಿತ್ತು.

೪

ಅಂಕೀಯ ಪ್ರತಿಯಲ್ಲಿ ಕಣ್ಣು ಜಾರುವುದಿಲ್ಲ, ಯಂತ್ರವು ಇದ್ದುದನ್ನು ಇದ್ದಂತೆಯೇ ಗ್ರಹಿಸುತ್ತದೆ ಎಂದು ಆಕ್ಷೇಪಿಸಬಹುದು. ಅಕ್ಷರದ ಮಟ್ಟಿಗೆ ಇದು ನಿಜ. ಗ್ರಂಥದ ಮಟ್ಟಿಗೆ ನಿಜವಲ್ಲ. ಎರಡು ಗರಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಯಂತ್ರವು ಒಂದನ್ನೇ ಕಾಣುವುದು. ಅಕ್ಷರಕ್ಕೆ ಮಸಿ ಹಚ್ಚದ ಓಲೆಯಲ್ಲಿ ಬೆಳಕು ಓರೆಯಾಗಿ ಬೀಳದಿದ್ದರೆ ಗೀಚು ಕಾಣದು. ಹೆಸರು ತಪ್ಪಿದರೆ ಗ್ರಂಥವೇ ಕಳೆದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮುಂದಾಗಿ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಯೋಜನೆಯಲ್ಲಿ ಅಸಂಖ್ಯಾತ ಕನ್ನಡ ಪುಸ್ತಕಗಳು ಅಂಕೀಯರೂಪಕ್ಕೆ ಬಂದುವು. ಆದರೆ ಶೀರ್ಷಿಕೆಗಳನ್ನೂ ಕರ್ತೃನಾಮಗಳನ್ನೂ ರೋಮನ್ ಲಿಪಿಯಲ್ಲಿ ಅಶುದ್ಧವಾಗಿ ನಮೂದಿಸಿದುದರಿಂದ, ಇದ್ದ ಪುಸ್ತಕವೇ ಹುಡುಕುವವರಿಗೆ ಸಿಕ್ಕದೆ ಹೋದುದುಂಟು. ೨೦೧೭ರಲ್ಲಿ ಆ ತಾಣವು ಸ್ಥಗಿತವಾದಾಗ, ಅದರ ಬಹುಭಾಗವು ಇಂಟರ್ನೆಟ್ ಆರ್ಕೈವ್ ಎಂಬ ಮತ್ತೊಂದು ಭಂಡಾರದಲ್ಲಿ ಮೊದಲೇ ಸೇರಿದ್ದುದರಿಂದ ಉಳಿಯಿತು. ಅತ್ತಿಮಬ್ಬೆಯ ವಿವೇಕಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯವು ಬೇಕಾಗಿಲ್ಲ.

ಇವುಗಳಿಂದ ಸಣ್ಣ ಭಂಡಾರಗಳು ಗ್ರಹಿಸತಕ್ಕ ಕ್ರಮವು ಸ್ಪಷ್ಟವಾಗುತ್ತದೆ. ಮೊದಲನೆಯದು ಸೂಚಿ. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಕಡೆಗಳ ಓಲೆಗಳನ್ನು ಪರಿಶೀಲಿಸಿ ರಚಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು, ಯಂತ್ರವನ್ನು ಕೊಳ್ಳುವ ಮೊದಲು ಅಂತಹ ಸೂಚಿಯನ್ನು ಸಿದ್ಧಪಡಿಸುವುದು ಅವಶ್ಯ. ಗ್ರಂಥನಾಮ, ಕರ್ತೃ, ಗರಿಗಳ ಸಂಖ್ಯೆ, ಲಿಪಿ, ಲಿಪಿಕಾರ, ಬರೆಯಿಸಿದವರು, ಭಂಡಾರಕ್ಕೆ ಬಂದ ಬಗೆ ಇವೆಲ್ಲವೂ ಅದರಲ್ಲಿ ಕನ್ನಡ ಲಿಪಿಯಲ್ಲಿಯೇ ಇರತಕ್ಕದ್ದು. ೧೯೯೧ರ ಯೂನಿಕೋಡ್ ವ್ಯವಸ್ಥೆಯಲ್ಲಿಯೇ ಕನ್ನಡಕ್ಕೆ ಸ್ಥಾನವು ದೊರೆತಿರುವುದರಿಂದ ಇದಕ್ಕೆ ಅಡ್ಡಿಯಿಲ್ಲ. ಎರಡನೆಯದು ಆಯ್ಕೆ. ಹಲವೆಡೆ ದೊರೆಯುವ ಅಚ್ಚಿನ ಪುಸ್ತಕವು ಕಾಯಬಲ್ಲದು. ಅನ್ಯತ್ರ ಅಲಭ್ಯವಾಗಿ ಜೀರ್ಣವಾಗುತ್ತಿರುವ ಕಟ್ಟು ಕಾಯಲಾರದು. ಮೂರನೆಯದು ಒಪ್ಪಿಗೆ. ಒಡೆತನವುಳ್ಳ ಮಠ ಅಥವಾ ಮನೆತನದೊಡನೆ ಷರತ್ತುಗಳನ್ನು ಲಿಖಿತವಾಗಿ ಗೊತ್ತುಮಾಡಿಕೊಂಡಲ್ಲಿ, ಪ್ರತಿಯು ಗುಪ್ತಮಾರ್ಗವನ್ನು ಹಿಡಿಯಬೇಕಾಗಿಲ್ಲ; ಸಂಶಯ ಬಂದಾಗ ಮೂಲವನ್ನು ನೋಡುವ ಬಾಗಿಲೂ ಮುಚ್ಚುವುದಿಲ್ಲ. ನಾಲ್ಕನೆಯದು ಪೂರ್ಣತೆ. ಬರಿದಾದ ಗರಿ, ಹಲಗೆ, ಅಂಚಿನ ಟಿಪ್ಪಣಿ, ಅಂತ್ಯಪ್ರಶಸ್ತಿ ಯಾವುದನ್ನೂ ಬಿಡಬಾರದು. ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಗ್ರಹಿಸಿದ ಮೂಲಚಿತ್ರವನ್ನು ಸಂಕೋಚಿಸದೆ ಇಟ್ಟು, ಓದುಗರಿಗೆ ಬೇರೆ ಪ್ರತಿಯನ್ನು ಕೊಡತಕ್ಕದ್ದು. ಐದನೆಯದು ಬಾಹುಳ್ಯ. ಕನಿಷ್ಠ ಪಕ್ಷ ಮೂರು ಪ್ರತಿಗಳಿದ್ದು ಒಂದಾದರೂ ಬೇರೆ ಊರಿನಲ್ಲಿರಬೇಕು.

ಇಷ್ಟಾದ ಮೇಲೂ ಓಲೆಯನ್ನು ಕೈಬಿಡತಕ್ಕುದಲ್ಲ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟಿ ಪೂಜಿಸುವ ಆಚಾರವು ಜೈನರಲ್ಲಿ ಇಂದಿಗೂ ಇದೆ. ವರ್ಷಕ್ಕೊಮ್ಮೆ ಅಂತಹ ದಿನವೊಂದರಲ್ಲಿ ಓಲೆಯನ್ನೂ ಅದರ ಅಂಕೀಯ ಪ್ರತಿಯನ್ನೂ ಒಟ್ಟಿಗೆ ತೆರೆದು ತಾಳೆನೋಡುವ ಭಂಡಾರವು, ಎಷ್ಟೇ ಚಿಕ್ಕದಾಗಿರಲಿ, ತನ್ನ ಕರ್ತವ್ಯವನ್ನು ನೆರವೇರಿಸಿದಂತೆಯೇ ಸರಿ. ಪ್ರತಿಯು ಗ್ರಂಥವನ್ನು ಲೋಕಕ್ಕೆ ಒಯ್ಯುತ್ತದೆ. ಪ್ರತಿಯು ತಪ್ಪಿದೆಡೆಯಲ್ಲಿ ಲೋಕವು ಮರಳಬೇಕಾದುದು ಮೂಲಕ್ಕೇ.