ಈಜುಕೊಳಕ್ಕೆ ಉಪ್ಪಿನ ಮೂಟೆ ಸುರಿಯುವ ಮೊದಲು ಅಳತೆ ಮಾಡಿ: ಹೋಮ್‌ಸ್ಟೇಯವರು, ಅಂಗಡಿಯವರು ತಿಳಿದಿರಬೇಕಾದ್ದು

ಕುಮಟಾ: ಹೋಮ್‌ಸ್ಟೇ ನಡೆಸುವ ಪರಿಚಯದವರೊಬ್ಬರ ಈಜುಕೊಳದ ಮಷಿನ್ ಕಳೆದ ಬೇಸಿಗೆಯಲ್ಲಿ ‘ಉಪ್ಪು ಕಡಿಮೆ’ ಅಂತ ತೋರಿಸಿತು. ಅವರು 50 ಕೆ.ಜಿ.ಯ ಎರಡು ಮೂಟೆ ತರಿಸಿ ಸುರಿದರು. ದೀಪ ಆರಲೇ ಇಲ್ಲ. ಆಮೇಲೆ ಅಳತೆ ಮಾಡಿಸಿದರೆ 5,400 ಪಿಪಿಎಂ! ಅಸಲಿಗೆ ಉಪ್ಪು ಮೊದಲೇ ಸರಿ ಇತ್ತು, ಮಷಿನ್ನಿನ ಸೆಲ್ ಪ್ಲೇಟಿಗೆ ಸುಣ್ಣ ಕಟ್ಟಿತ್ತು ಅಷ್ಟೇ.

ಉಪ್ಪುನೀರಿನ ಕೊಳ ಅಂದ್ರೆ ಸಮುದ್ರದ ನೀರಲ್ಲ. ಸಮುದ್ರದಲ್ಲಿ ಸುಮಾರು 35,000 ಪಿಪಿಎಂ ಉಪ್ಪಿದ್ದರೆ, ಕೊಳದಲ್ಲಿ ಸಾಮಾನ್ಯವಾಗಿ 3,000ದಿಂದ 4,000 ಸಾಕು. ಒಂದು ಪಿಪಿಎಂ ಅಂದರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ಈ ಉಪ್ಪಿಗೆ ಕರೆಂಟು ಹಾಯಿಸಿ ಮಷಿನ್ ಕ್ಲೋರಿನ್ ಮಾಡುತ್ತದೆ. ಹಾಗಾಗಿ ‘ನಮ್ಮ ಕೊಳದಲ್ಲಿ ಕ್ಲೋರಿನ್ ಇಲ್ಲ’ ಅನ್ನೋ ಬೋರ್ಡು ಸುಳ್ಳು. ನಿಮ್ಮ ಮಷಿನ್ನಿಗೆ ಎಷ್ಟು ಬೇಕು ಅನ್ನೋದು ಅದರ ಪುಸ್ತಕದಲ್ಲೇ ಇರುತ್ತದೆ.

ಮಷಿನ್ ತೋರಿಸುವ ಅಂಕಿಯನ್ನೇ ನಂಬಬೇಡಿ. ನೀರು ತಣ್ಣಗಿದ್ದರೂ, ಸೆಲ್ ಹಳೆಯದಾದರೂ ಅದು ಕಡಿಮೆ ತೋರಿಸಬಹುದು. ಬೇರೆಯಾಗಿ ಅಳೆಯಲು ಸಾಲ್ಟ್ ಸ್ಟ್ರಿಪ್ ಸಿಗುತ್ತದೆ. ಲೋಟದಲ್ಲಿ ಒಂದು ಇಂಚು ನೀರು ಹಾಕಿ ಸ್ಟ್ರಿಪ್ ನಿಲ್ಲಿಸಿದರೆ, ಕೆಲವು ನಿಮಿಷದಲ್ಲಿ ಬಿಳಿ ಗೆರೆ ಮೇಲೇರುತ್ತದೆ. ಅದರ ತುದಿ ಯಾವ ಅಂಕಿಗೆ ಬಂತೋ ಅದನ್ನು ಅದೇ ಡಬ್ಬಿಯ ಮೇಲಿನ ಪಟ್ಟಿಯಲ್ಲಿ ನೋಡಬೇಕು. ಬೇರೆ ಡಬ್ಬಿಯ ಪಟ್ಟಿ ನಡೆಯಲ್ಲ.

ಆರ್‌ಒ ರಿಪೇರಿಯವರ ಹತ್ತಿರ ಇರುವ ಟಿಡಿಎಸ್ ಮೀಟರ್ ಅಂದಾಜಿಗೆ ಆಗುತ್ತದೆ. ಆದರೆ ಅದು ಉಪ್ಪನ್ನಷ್ಟೇ ಅಲ್ಲ, ನೀರಲ್ಲಿ ಕರಗಿದ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇನ್ನೊಂದು, ಕೆಲವು ಮೀಟರ್‌ಗಳಲ್ಲಿ ಸಾವಿರ ದಾಟಿದರೆ ಮೂಲೆಯಲ್ಲಿ ‘ಇಂಟು ಹತ್ತು’ ಗುರುತು ಬರುತ್ತದೆ. ಆಗ 345 ಅಂದರೆ 3,450. ಇದನ್ನು ನೋಡದೆ ಮೂಟೆ ತರಿಸಿದರೆ ಕಥೆ ಮುಗೀತು.

ನೀರನ್ನು ಮೇಲಿಂದ ತೆಗೆಯಬೇಡಿ. ನೀರು ಬಂದು ಬೀಳುವ ಪೈಪಿನಿಂದ ದೂರ, ಮೊಣಕೈ ಮುಳುಗುವಷ್ಟು ಆಳದಿಂದ ತೆಗೆಯಿರಿ. ಹೊಸ ಉಪ್ಪು ಹಾಕಿದ್ದರೆ ಪಂಪ್ ಓಡಿಸಿ 24 ಗಂಟೆ ಬಿಟ್ಟು ಅಳೆಯಿರಿ.

ಈಗ ಲೆಕ್ಕ. ಕೊಳ 8 ಮೀಟರ್ ಉದ್ದ, 4 ಅಗಲ, ಸರಾಸರಿ ಆಳ 1.5 ಮೀಟರ್ ಅಂದುಕೊಳ್ಳಿ. ಅಲ್ಲಿಗೆ 48,000 ಲೀಟರ್. ಅಳತೆ 2,600 ಬಂತು, ಬೇಕಾದ್ದು 3,200. ವ್ಯತ್ಯಾಸ 600. 48,000ವನ್ನು 600ರಿಂದ ಗುಣಿಸಿ 10 ಲಕ್ಷದಿಂದ ಭಾಗಿಸಿ: 28.8 ಕೆ.ಜಿ. ಅಂದರೆ ಅರ್ಧ ಮೂಟೆಗಿಂತ ಸ್ವಲ್ಪ ಜಾಸ್ತಿ. ಮೊದಲು ಮುಕ್ಕಾಲು ಪಾಲು ಹಾಕಿ, ಮರುದಿನ ಅಳೆದು ಉಳಿದದ್ದು ಹಾಕಿ.

ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಆಗಲ್ಲ. ಉಪ್ಪು ಕಡಿಮೆಯಾಗೋದು ಮಳೆಗಾಲದಲ್ಲಿ ಕೊಳ ತುಂಬಿ ಹರಿದಾಗ, ಫಿಲ್ಟರ್ ಬ್ಯಾಕ್‌ವಾಶ್ ಮಾಡಿದಾಗ. ಕಡಲ ಪಕ್ಕದವರ ಬಾವಿ ಬೇಸಿಗೆಯಲ್ಲಿ ಸವಳಾಗುವುದಿದ್ದರೆ ಆ ನೀರನ್ನೂ ಅಳೆದು ನೋಡಿ.

ಅಂಗಡಿಯವರಿಗೆ: ಕೊಳಕ್ಕೆ ಅಂತ ಕೇಳಿದರೆ ಅಯೋಡಿನ್ ಹಾಕದ, ಸ್ವಚ್ಛ ಉಪ್ಪು ಕೊಡಿ. ಸಾಣಿಕಟ್ಟಾ ಉಪ್ಪು ಊಟಕ್ಕೆ ರುಚಿ, ಆದರೆ ಗದ್ದೆ ಉಪ್ಪಿನಲ್ಲಿರುವ ಮಣ್ಣಿನಂಶ ಕೊಳಕ್ಕೆ ಬೇಡ.

ಹೆಚ್ಚಾದ ಉಪ್ಪನ್ನು ತೆಗೆಯೋಕೆ ಪುಡಿ, ಔಷಧಿ ಯಾವುದೂ ಇಲ್ಲ, ನೀರು ಬದಲಿಸುವುದೇ ದಾರಿ. ಆ ಹೋಮ್‌ಸ್ಟೇಯವರು ಸುಮಾರು 19,000 ಲೀಟರ್ ಹೊರಗೆ ಬಿಟ್ಟು, ಅಷ್ಟೇ ಸಿಹಿನೀರು ಟ್ಯಾಂಕರ್‌ನಲ್ಲಿ ತರಿಸಿದರು. ಬಿಟ್ಟ ನೀರು ಪಕ್ಕದವರ ಅಡಿಕೆ ತೋಟಕ್ಕೆ ಹೋಯಿತು. ಎಲೆ ತುದಿ ಸುಟ್ಟಂತಾಗಿ, ಇವತ್ತಿಗೂ ಎರಡು ಮನೆಯವರ ಮಧ್ಯೆ ಮಾತಿಲ್ಲ.