ಕಿರು ಅಳತೆಯ ಫಿಲ್ಮು ಮತ್ತು ಕೈಸಂಸ್ಕರಣೆಯ ಪರಂಪರೆ

ಕೊಡಾಕ್ ಸಂಸ್ಥೆಯು 1923ರಲ್ಲಿ ಮಾರುಕಟ್ಟೆಗೆ ತಂದ 16 ಮಿ.ಮೀ. ಫಿಲ್ಮು ಹವ್ಯಾಸಿಗಳಿಗಾಗಿ ರೂಪುಗೊಂಡದ್ದು. ಅದರ ರಿವರ್ಸಲ್ ಪದ್ಧತಿಯಲ್ಲಿ ಪ್ರತ್ಯೇಕ ನೆಗೆಟಿವ್ ಉಳಿಯುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಕಂಡ ಸುರುಳಿಯೇ ಸಂಸ್ಕರಣೆಯ ಬಳಿಕ ಪ್ರೊಜೆಕ್ಟರಿನಲ್ಲೂ ಓಡುತ್ತದೆ. ಖರ್ಚು ತಗ್ಗಿಸಲು ಮಾಡಿದ ಈ ಏರ್ಪಾಡಿನಿಂದ ಪ್ರತಿಯೊಂದು ಸುರುಳಿಯೂ ಓಲೆಗರಿಯ ಏಕೈಕ ಪ್ರತಿಯಂತಾಯಿತು.

ಪ್ರಯೋಗಶೀಲರು ಫಿಲ್ಮನ್ನು ಕೈಯಿಂದ ಮುಟ್ಟಿ ರೂಪಿಸುವ ವಸ್ತುವನ್ನಾಗಿ ಕಂಡರು. ಅಮೆರಿಕದ ಸ್ಟ್ಯಾನ್ ಬ್ರಾಕೇಜ್ ‘ಮಾತ್‌ಲೈಟ್’ (1963) ಚಿತ್ರದಲ್ಲಿ ಕ್ಯಾಮೆರಾವನ್ನೇ ಕೈಬಿಟ್ಟು, ಪತಂಗದ ರೆಕ್ಕೆ, ಹೂವಿನ ಎಸಳು, ಹುಲ್ಲುಗಳನ್ನು ಪಾರದರ್ಶಕ ಪಟ್ಟಿಗಳ ನಡುವೆ ಅಂಟಿಸಿದರು. ಮರುವರ್ಷ 16 ಮಿ.ಮೀ. ಸಲಕರಣೆ ಕಳುವಾದಾಗ ಅಗ್ಗದ 8 ಮಿ.ಮೀ.ಗೆ ಹೊರಳಿ ‘ಸಾಂಗ್ಸ್’ ಸರಣಿಯನ್ನು ಆರಂಭಿಸಿದರು.

ಆದರೆ ಬಣ್ಣದ ಸಂಸ್ಕರಣೆ ಬಹುಮಟ್ಟಿಗೆ ಪ್ರಯೋಗಾಲಯಗಳ ವಶದಲ್ಲೇ ಇತ್ತು. ಕೊಡಾಕ್ರೋಮ್‌ನ ವರ್ಣಘಟಕಗಳು ಫಿಲ್ಮಿನಲ್ಲಿರದೆ ಸಂಸ್ಕರಣೆಯ ದ್ರಾವಣಗಳಲ್ಲಿದ್ದುದರಿಂದ ಮನೆಯಲ್ಲಿ ಅದನ್ನು ಸಂಸ್ಕರಿಸುವುದು ದುಸ್ಸಾಧ್ಯವಾಗಿತ್ತು. ಕ್ಯಾನ್ಸಸ್‌ನ ಪಾರ್ಸನ್ಸ್ ಊರಿನ ಕೊನೆಯ ಪ್ರಯೋಗಾಲಯವು 2010ರ ಡಿಸೆಂಬರ್ ಬಳಿಕ ಸುರುಳಿಗಳನ್ನು ಸ್ವೀಕರಿಸಲಿಲ್ಲ. ಆ ವೇಳೆಗೆ ಸಂಸ್ಕರಿಸದೆ ಉಳಿದಿದ್ದ ಸುರುಳಿಗಳಿಂದ ಕಪ್ಪುಬಿಳುಪು ಬಿಂಬವನ್ನಷ್ಟೇ ಪಡೆಯಬಹುದಾಯಿತು.

ಕಪ್ಪುಬಿಳುಪು ಫಿಲ್ಮಿಗೆ ಕತ್ತಲೆಕೋಣೆ, ಬಕೆಟ್ಟು, ಕೆಲವೇ ರಾಸಾಯನಿಕಗಳು ಸಾಕು. ಕೆನಡಾದ ಫಿಲಿಪ್ ಹಾಫ್‌ಮನ್ 1994ರಿಂದ ಒಂಟಾರಿಯೊದ ತಮ್ಮ ತೋಟದಲ್ಲಿ ಈ ವಿದ್ಯೆಯನ್ನು ಕಲಿಸತೊಡಗಿದರು. ಹೆಲೆನ್ ಹಿಲ್ 2001ರಲ್ಲಿ ಹಲವು ಕಲಾವಿದರ ವಿಧಾನಗಳನ್ನು ‘ರೆಸಿಪೀಸ್ ಫಾರ್ ಡಿಸಾಸ್ಟರ್’ ಎಂಬ ಕೈಪಿಡಿಯಲ್ಲಿ ಸಂಕಲಿಸಿದರು. ಪ್ರಯೋಗಾಲಯಗಳು ಮುಚ್ಚಿದ ಮೇಲೂ ಈ ಕಸುಬು ಉಳಿದಿರುವುದು, ಅದನ್ನು ಬಲ್ಲವರು ಬರೆದಿಟ್ಟು ಕಲಿಸಿಕೊಟ್ಟದ್ದರಿಂದಲೇ.